ಕಮೋಡೋರ್ 64ಕ್ಕೆ ಎಸ್‌ಡಿ ಕಾರ್ಡಿನ ಡಿಸ್ಕ್ ಡ್ರೈವ್ ಕಟ್ಟಿಕೊಳ್ಳುವ ಬಗೆ

1982ರಲ್ಲಿ ಮಾರುಕಟ್ಟೆಗೆ ಬಂದ ಕಮೋಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರ್ ಇಂದಿಗೂ ಚಾಲೂ ಸ್ಥಿತಿಯಲ್ಲಿ ಸಿಗುತ್ತದೆ. ಅದರ ಜೋಡಿಯಾಗಿದ್ದ 1541 ಡಿಸ್ಕ್ ಡ್ರೈವ್ ಸಿಗುವುದು ಮಾತ್ರ ಕಷ್ಟ. ಸಿಕ್ಕರೂ ಅದರ ಹೆಡ್ಡು ಜಾಗ ತಪ್ಪಿರುತ್ತದೆ, ಇಲ್ಲವೇ ಐದೂಕಾಲು ಇಂಚಿನ ಫ್ಲಾಪಿಗಳಿಗೆ ಬೂಷ್ಟು ಹಿಡಿದಿರುತ್ತದೆ. ಅದರ ಬದಲಿಗೆ ಒಂದು ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರ್) ಮತ್ತು ಒಂದು ಎಸ್‌ಡಿ ಕಾರ್ಡಿನಿಂದ ಕೆಲಸ ತೆಗೆಯುವ ಸಾಧನಕ್ಕೆ ಎಸ್‌ಡಿ2ಐಇಸಿ ಎಂದು ಹೆಸರು. ಅದರ ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ಕೂರುವ ತಂತ್ರಾಂಶ, ಮುಕ್ತವಾಗಿ ದೊರೆಯುವುದರಿಂದ, ಬೆಸುಗೆ ಹಾಕಲು ಬಲ್ಲವರು ತೂತುಗಳಿರುವ ಸಾಮಾನ್ಯ ಪರ್ಫ್‌ಬೋರ್ಡಿನ ಮೇಲೆಯೇ ಇದನ್ನು ಎರಡು ಸಂಜೆಗಳಲ್ಲಿ ಕಟ್ಟಬಹುದು.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಬೇಕು. 1541 ಬರಿಯ ಡ್ರೈವ್ ಅಲ್ಲ. ತನ್ನದೇ 6502 ಪ್ರೊಸೆಸರ್ ಮತ್ತು 2 ಕಿಲೋಬೈಟ್ ರ‍್ಯಾಮ್ ಇರುವ ಪೂರ್ಣ ಪ್ರಮಾಣದ ಕಂಪ್ಯೂಟರ್. ನಾವು ಕಟ್ಟುವ ಸಾಧನ ಆ ಕಂಪ್ಯೂಟರನ್ನು ಮರುಸೃಷ್ಟಿಸುವುದಿಲ್ಲ, ಅದು ಕೇಬಲ್ಲಿನ ಮೇಲೆ ಆಡುತ್ತಿದ್ದ ಮಾತನ್ನು ಮಾತ್ರ ಅನುಕರಿಸುತ್ತದೆ. ಆದ್ದರಿಂದ ಆ ಮಾತಿನ ವೋಲ್ಟೇಜು ಮತ್ತು ವೇಳೆ ಎರಡೂ ಸರಿಯಾಗಿರುವಂತೆ ನೋಡಿಕೊಳ್ಳುವುದೇ ಇಲ್ಲಿನ ಮುಖ್ಯ ಕೆಲಸ.

ಐಇಸಿ ಎಂದು ಕರೆಯುವ ಈ ಸೀರಿಯಲ್ ಬಸ್ಸಿನ 6 ಪಿನ್ನುಗಳ ಡಿನ್ ಕನೆಕ್ಟರಿನಲ್ಲಿ 2ನೆಯದು ಗ್ರೌಂಡ್, 3ನೆಯದು ಎಟಿಎನ್ (ಗಮನ ಸೆಳೆಯುವ ತಂತಿ), 4ನೆಯದು ಕ್ಲಾಕ್, 5ನೆಯದು ಡೇಟಾ, 6ನೆಯದು ರೀಸೆಟ್. 1ನೆಯದಾದ ಎಸ್‌ಆರ್‌ಕ್ಯೂ ನಮಗೆ ಬೇಕಾಗಿಲ್ಲ. ಯಾರೂ ಮಾತನಾಡದಿದ್ದಾಗ ಈ ತಂತಿಗಳು 5 ವೋಲ್ಟಿನಲ್ಲಿ ಮೇಲೆ ನಿಂತಿರುತ್ತವೆ. ಮಾತನಾಡಬೇಕಾದವರು ಅವನ್ನು ಗ್ರೌಂಡಿಗೆ ಎಳೆಯುತ್ತಾರೆ, ಮೇಲಕ್ಕೆ ಯಾರೂ ತಳ್ಳುವುದಿಲ್ಲ. ಹಾಗಾಗಿ ಮೈಕ್ರೋಕಂಟ್ರೋಲರ್ ತನ್ನ ಪಿನ್ನನ್ನು ಒಮ್ಮೆ ಸೊನ್ನೆ ಕೊಡುವ ಔಟ್‌ಪುಟ್ ಆಗಿಯೂ ಮತ್ತೊಮ್ಮೆ ಇನ್‌ಪುಟ್ ಆಗಿಯೂ ಬದಲಾಯಿಸುತ್ತ ಹೋದರೆ ಸಾಕು. ಕಂಪ್ಯೂಟರ್ ಎಟಿಎನ್ ತಂತಿಯನ್ನು ಕೆಳಗೆಳೆದಾಗ, ಯಾವುದಾದರೂ ಸಾಧನ 1 ಮಿಲಿಸೆಕೆಂಡಿನೊಳಗೆ ಡೇಟಾ ತಂತಿಯನ್ನು ಕೆಳಗೆಳೆದು ಓಗೊಡಬೇಕು. ಓಗೊಡದಿದ್ದರೆ ಪರದೆಯ ಮೇಲೆ ‘ಡಿವೈಸ್ ನಾಟ್ ಪ್ರೆಸೆಂಟ್’ ಎಂಬ ದೋಷ ಕಾಣಿಸುತ್ತದೆ.

ಚಿಪ್ಪಾಗಿ 40 ಕಾಲುಗಳ ಡಿಐಪಿ ರೂಪದ ಎಟಿಮೆಗಾ1284ಪಿ ಆರಿಸಿಕೊಳ್ಳಿ. ಎಟಿಮೆಗಾ644ಪಿ ಕೂಡ ಆಗುತ್ತದೆ, ಆದರೆ 1284ರಲ್ಲಿ ಮೆಮೊರಿ ಹೆಚ್ಚು. ಉಳಿದಂತೆ 8 ಮೆಗಾಹರ್ಟ್ಸ್ ಕ್ರಿಸ್ಟಲ್, 22 ಪಿಕೋಫ್ಯಾರಡ್‌ನ ಎರಡು ಕೆಪಾಸಿಟರ್, 3.3 ವೋಲ್ಟಿನ ಎಲ್‌ಎಂ1117 ರೆಗ್ಯುಲೇಟರ್, ಎಸ್‌ಡಿ ಸಾಕೆಟ್, ಎರಡು ಎಲ್‌ಇಡಿ, ಎರಡು ಪುಶ್ ಬಟನ್ ಮತ್ತು ಒಂದಷ್ಟು ರೆಸಿಸ್ಟರ್ ಬೇಕು. ಬೆಂಗಳೂರಿನವರಿಗೆ ಇವುಗಳಲ್ಲಿ ಹೆಚ್ಚಿನವು ಎಸ್.ಪಿ. ರಸ್ತೆಯ ಅಂಗಡಿಗಳಲ್ಲೇ ಸಿಗುತ್ತವೆ. ಚಿಪ್ಪಿನೊಳಗೇ ಆಸಿಲೇಟರ್ ಇರುವಾಗ ಹೊರಗಿನ ಕ್ರಿಸ್ಟಲ್ ಏಕೆ ಎಂದು ಕೇಳುವವರಿದ್ದಾರೆ. ಒಳಗಿನ ಆಸಿಲೇಟರ್ ಬಿಸಿ ಮತ್ತು ವೋಲ್ಟೇಜಿನ ಏರಿಳಿತಕ್ಕೆ ತಕ್ಕಂತೆ ಅತ್ತಿತ್ತ ಸರಿಯುತ್ತದೆ. ಕಡತಗಳನ್ನು ಬೇಗ ತುಂಬಿಸುವ ಫಾಸ್ಟ್‌ಲೋಡರ್ ಪ್ರೋಗ್ರಾಂಗಳು ಮೈಕ್ರೋಸೆಕೆಂಡುಗಳನ್ನು ಎಣಿಸಿ ಬಿಟ್ಟುಗಳನ್ನು ಓದುವುದರಿಂದ ಅಷ್ಟು ಸರಿದಾಟವೇ ಕೆಲಸ ಕೆಡಿಸಲು ಸಾಕು.

ಚಿಪ್ಪಿಗೆ 5 ವೋಲ್ಟ್ ಕೊಟ್ಟರೆ ಐಇಸಿ ತಂತಿಗಳನ್ನು ನೇರವಾಗಿ ಜೋಡಿಸಬಹುದು. ಆಗ ಜೋಪಾನ ಮಾಡಬೇಕಾದದ್ದು ಎಸ್‌ಡಿ ಕಾರ್ಡನ್ನು, ಏಕೆಂದರೆ ಅದು 3.3 ವೋಲ್ಟಿನದು. ಚಿಪ್ಪಿನಿಂದ ಕಾರ್ಡಿಗೆ ಹೋಗುವ ಮೂರು ತಂತಿಗಳಿಗೆ, ಅಂದರೆ ಚಿಪ್ ಸೆಲೆಕ್ಟ್, ಎಂಒಎಸ್‌ಐ (ಕಾರ್ಡಿಗೆ ಹೋಗುವ ಡೇಟಾ) ಮತ್ತು ಕ್ಲಾಕ್‌ಗೆ, ಸಾಲಿನಲ್ಲಿ 1.8 ಕಿಲೋ ಓಮ್ ಮತ್ತು ಗ್ರೌಂಡಿನ ಕಡೆಗೆ 3.3 ಕಿಲೋ ಓಮ್ ಹಾಕಿದರೆ 5 ವೋಲ್ಟು ಸುಮಾರು 3.2ಕ್ಕೆ ಇಳಿಯುತ್ತದೆ. ಕಾರ್ಡಿನಿಂದ ಬರುವ ಎಂಐಎಸ್‌ಒ ತಂತಿಯನ್ನು ನೇರವಾಗಿ ಕೊಡಬಹುದಾದರೂ, 5 ವೋಲ್ಟಿನ ಎಟಿಮೆಗಾ ಅದನ್ನು ‘1’ ಎಂದು ಒಪ್ಪಿಕೊಳ್ಳಲು 3 ವೋಲ್ಟ್ ಬೇಕು ಎಂಬುದನ್ನು ಮರೆಯಬಾರದು. ಅಂತರ ಬಹಳ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಆ ಒಂದು ತಂತಿಯ ನಡುವೆ 5 ವೋಲ್ಟಿನಲ್ಲಿ ನಡೆಯುವ 74ಎಚ್‌ಸಿಟಿ125 ಬಫರ್ ಇಡುವುದು ಒಳ್ಳೆಯದು, ಅದಕ್ಕೆ 2 ವೋಲ್ಟ್ ಸಾಕು. ಎಸ್‌ಪಿಐ ಎಂದು ಕರೆಯುವ ಈ ನಾಲ್ಕೂ ತಂತಿಗಳು ಚಿಪ್ಪಿನ 5ರಿಂದ 8ರವರೆಗಿನ ಪಿನ್ನುಗಳಲ್ಲಿವೆ. ವಿದ್ಯುತ್ತನ್ನು 10 ಮತ್ತು 30ಕ್ಕೂ, ಗ್ರೌಂಡನ್ನು 11 ಮತ್ತು 31ಕ್ಕೂ ಕೊಟ್ಟು, ಎರಡೂ ಜೋಡಿಗಳ ಬಳಿಯಲ್ಲೇ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೂರಿಸಿ. ಐಇಸಿ, ಎಲ್‌ಇಡಿ ಮತ್ತು ಬಟನ್ನುಗಳ ಪಿನ್ನುಗಳು ಹಾರ್ಡ್‌ವೇರ್ ವೇರಿಯಂಟ್‌ನಿಂದ ವೇರಿಯಂಟ್‌ಗೆ ಬದಲಾಗುತ್ತವೆ. ಆದ್ದರಿಂದ ಫರ್ಮ್‌ವೇರಿನ ಮೂಲ ಕಡತಗಳಲ್ಲಿ ನೀವು ಆರಿಸಿದ ವೇರಿಯಂಟ್‌ನ ಪಿನ್ ಪಟ್ಟಿಯನ್ನು ತೆರೆದಿಟ್ಟುಕೊಂಡೇ ತಂತಿ ಎಳೆಯಿರಿ.

ರೆಗ್ಯುಲೇಟರ್ ವಿಷಯದಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಬರಹ ನಿಮ್ಮ ಕಡೆಗಿರುವಂತೆ ಹಿಡಿದರೆ 7805 ಎಂಬ ಸಾಮಾನ್ಯ ರೆಗ್ಯುಲೇಟರಿನ ಕಾಲುಗಳು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. ಎಲ್‌ಎಂ1117ರವು ಗ್ರೌಂಡ್, ಔಟ್‌ಪುಟ್, ಇನ್‌ಪುಟ್. ಹಳೆಯ ಅಭ್ಯಾಸದಂತೆ 7805 ಎಂದುಕೊಂಡೇ ಕೂರಿಸಿ ಸ್ವಿಚ್ ಒತ್ತಿದೆ. ಕಾರ್ಡು ಬೆರಳಿಗೆ ಚುರುಕ್ಕೆಂದಾಗಲೇ ತಪ್ಪು ತಿಳಿದದ್ದು, ಅಷ್ಟರಲ್ಲಿ ಅದು ಸತ್ತಿತ್ತು. ಇದರ ಲೋಹದ ಬೆನ್ನು ಕೂಡ ಗ್ರೌಂಡ್ ಅಲ್ಲ, ಔಟ್‌ಪುಟ್. ಔಟ್‌ಪುಟ್ಟಿಗೆ 10 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಕೆಪಾಸಿಟರ್ ಹಾಕಿ. ಕಾರ್ಡನ್ನೂ ಚಿಪ್ಪನ್ನೂ ಹಾಕುವ ಮೊದಲು ಎರಡೂ ಸಾಕೆಟ್ಟುಗಳ ವೋಲ್ಟೇಜನ್ನು ಮಲ್ಟಿಮೀಟರಿನಿಂದ ನೋಡಲೇಬೇಕು.

5 ವೋಲ್ಟನ್ನು ಕಂಪ್ಯೂಟರಿನ ಕ್ಯಾಸೆಟ್ ಪೋರ್ಟಿನಿಂದಲೇ ಪಡೆಯಬಹುದು. ಯಂತ್ರದ ಹಿಂಬದಿಗೆ ಎದುರಾಗಿ ನಿಂತರೆ ಎಡದಿಂದ ಮೊದಲನೆಯದು ಗ್ರೌಂಡ್, ಎರಡನೆಯದು 5 ವೋಲ್ಟ್. 3.96 ಮಿಲಿಮೀಟರ್ ಅಂತರದ ಎಡ್ಜ್ ಕನೆಕ್ಟರ್ ಬೇಕು, ಮತ್ತು ತಲೆಕೆಳಗಾಗಿ ಹೊಗದಂತೆ ಅದರಲ್ಲಿ ಕೀ ಇರಲೇಬೇಕು. ಇದಕ್ಕೂ ಮೊದಲು ಕಮೋಡೋರಿನ ಮೂಲ ಪವರ್ ಸಪ್ಲೈಯನ್ನು ಅಳೆದು ನೋಡಿ. ಅದರೊಳಗಿನ ರೆಗ್ಯುಲೇಟರ್ ಕೆಟ್ಟಾಗ 5 ವೋಲ್ಟು ಮೇಲೇರಿ ರ‍್ಯಾಮ್ ಚಿಪ್ಪುಗಳನ್ನು ಕೊಲ್ಲುವುದು ಎಲ್ಲರಿಗೂ ಗೊತ್ತಿರುವ ರೋಗ, ಹಾಗಾದಾಗ ನಿಮ್ಮ ಬೋರ್ಡೂ ಉಳಿಯುವುದಿಲ್ಲ.

ಫರ್ಮ್‌ವೇರ್ ಬರೆಯಲು ಯುಎಸ್‌ಬಿಎಎಸ್‌ಪಿಯಂಥ ಪ್ರೋಗ್ರಾಮರ್ ಮತ್ತು ಎವಿಆರ್‌ಡ್ಯೂಡ್ ತಂತ್ರಾಂಶ ಸಾಕು. ಆಗ ಐಇಸಿ ಕೇಬಲ್ ಮತ್ತು ಕಾರ್ಡು ಎರಡೂ ಹೊರಗಿರಲಿ. ಹೊಸ ಚಿಪ್ಪು ಒಳಗಿನ ಆಸಿಲೇಟರಿನಿಂದ 1 ಮೆಗಾಹರ್ಟ್ಸಿನಲ್ಲಿ ಓಡುತ್ತಿರುತ್ತದೆ. ಕ್ರಿಸ್ಟಲಿಗೆ ಬದಲಾಯಿಸಲು ಚಿಪ್ಪಿನ ಸಂರಚನೆಯನ್ನು ತೀರ್ಮಾನಿಸುವ ಫ್ಯೂಸ್ ಬೈಟುಗಳಲ್ಲಿ ಲೋ ಫ್ಯೂಸನ್ನು ಹೆಕ್ಸ್‌ನಲ್ಲಿ ಎಫ್7 ಮಾಡಬೇಕು. ಬೂಟ್‌ಲೋಡರ್ (ಫರ್ಮ್‌ವೇರನ್ನು ಚಿಪ್ಪಿಗೆ ತುಂಬುವ ಪುಟ್ಟ ಪ್ರೋಗ್ರಾಂ) ಇಲ್ಲದೆ ನೇರವಾಗಿ ಬರೆಯುವುದಾದರೆ ಹೈ ಫ್ಯೂಸ್ ಡಿ9 ಆಗಿರಲಿ. ಕಾರ್ಖಾನೆಯಿಂದ ಬರುವಾಗ ಅದು 99 ಆಗಿದ್ದು, ಚಿಪ್ಪನ್ನು ಪರೀಕ್ಷಿಸುವ ಜೆಟ್ಯಾಗ್ ಸೌಲಭ್ಯ ಚಾಲೂ ಇರುವುದರಿಂದ ಸಿ ಪೋರ್ಟಿನ ನಾಲ್ಕು ಪಿನ್ನುಗಳು ನಮ್ಮ ಮಾತು ಕೇಳುವುದಿಲ್ಲ. ಬೆಸುಗೆಯ ತಪ್ಪೆಂದು ಇಡೀ ರಾತ್ರಿ ಹುಡುಕಿಸುವ ದೋಷವಿದು.

ಕಾರ್ಡನ್ನು ಎಫ್‌ಎಟಿ32ಕ್ಕೆ ಫಾರ್ಮ್ಯಾಟ್ ಮಾಡಿ. 64 ಗಿಗಾಬೈಟಿನ ಕಾರ್ಡುಗಳು ಎಕ್ಸ್‌ಫ್ಯಾಟ್ ಆಗಿ ಬರುವುದರಿಂದ 32 ಅಥವಾ ಅದಕ್ಕಿಂತ ಚಿಕ್ಕದು ಮೇಲು. ಡಿ64 ಎಂಬ ಡಿಸ್ಕ್ ಇಮೇಜ್ ಕಡತದ ಗಾತ್ರ 1,74,848 ಬೈಟ್, ಅಂದರೆ 35 ಟ್ರ್ಯಾಕುಗಳಲ್ಲಿ ಹರಡಿದ 256 ಬೈಟುಗಳ 683 ಬ್ಲಾಕು. ಲೋಡ್ "$",8 ಎಂದು ಕೊಟ್ಟಾಗ ಕಾರ್ಡಿನ ಪಟ್ಟಿ ಬಂದರೆ ಗೆದ್ದಂತೆ. ಮೇಲೆ ಹೇಳಿದ ದೋಷ ಬಂದರೆ ಎಟಿಎನ್ ಮತ್ತು ಡೇಟಾ ತಂತಿಗಳನ್ನು ಪರೀಕ್ಷಿಸಿ, ‘ಸರ್ಚಿಂಗ್’ನಲ್ಲೇ ನಿಂತರೆ ಕ್ಲಾಕು ಡೇಟಾ ಅದಲುಬದಲಾಗಿವೆಯೇ ನೋಡಿ. ಡಿನ್ ಪ್ಲಗ್ಗನ್ನು ಬೆಸುಗೆಯ ಕಡೆಯಿಂದ ನೋಡಿದಾಗ ಪಿನ್ನುಗಳ ಕ್ರಮ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ.

ವೇಗ ಮಾತ್ರ ತಾನಾಗಿ ಹೆಚ್ಚುವುದಿಲ್ಲ. ಮೂಲ ಪ್ರೋಟೋಕಾಲಿನಲ್ಲಿ ಸೆಕೆಂಡಿಗೆ ಸುಮಾರು 400 ಬೈಟುಗಳಷ್ಟೇ ಸಾಗುವುದರಿಂದ 40 ಸಾವಿರ ಬೈಟುಗಳ ಆಟಕ್ಕೆ ಒಂದೂಮುಕ್ಕಾಲು ನಿಮಿಷ ಹತ್ತಿರ ಕಾಯಬೇಕು. ಲೋಡಿಂಗ್ ವೇಗ ಹೆಚ್ಚಿಸುವ ಜಿಫಿಡಾಸ್ ರಾಮ್ (ROM) ಚಿಪ್ ಅಥವಾ ಎಪಿಕ್ಸ್ ಫಾಸ್ಟ್‌ಲೋಡ್ ಕಾರ್ಟ್ರಿಜ್ ಇದ್ದರೆ ಅದು ಬಹಳ ಕಡಿಮೆಯಾಗುತ್ತದೆ. ಆಟಗಳು ಡ್ರೈವಿನ 6502ಕ್ಕೆಂದು ತಮ್ಮದೇ ಕೋಡ್ ಕಳಿಸಿದಾಗ ಫರ್ಮ್‌ವೇರ್ ಅದನ್ನು ಓಡಿಸುವುದಿಲ್ಲ. ತನಗೆ ಗುರುತಿರುವ ಲೋಡರ್ ಆದರೆ ಅದರಂತೆ ನಟಿಸುತ್ತದೆ, ಅಲ್ಲದಿದ್ದರೆ ಆಟ ಅಲ್ಲೇ ನಿಲ್ಲುತ್ತದೆ. ಅಂಥ ಆಟಗಳೇ ಬೇಕೆನ್ನುವವರು ಡ್ರೈವಿನ ಪ್ರೊಸೆಸರನ್ನೂ ಅನುಕರಿಸುವ ಪೈ1541 ಎಂಬ ಸಾಧನದತ್ತ ಹೋಗಬೇಕು. ಒಂದಕ್ಕಿಂತ ಹೆಚ್ಚು ಡಿಸ್ಕುಗಳಿರುವ ಆಟಗಳಿಗೆ, ಇಮೇಜುಗಳ ಹೆಸರನ್ನು ಸಾಲಿಗೊಂದರಂತೆ ಬರೆದ ಆಟೋಸ್ವಾಪ್ ಎಂಬ ಪಟ್ಟಿ ಕಡತವನ್ನು ಅದೇ ಫೋಲ್ಡರಿನಲ್ಲಿಟ್ಟರೆ, ಬಟನ್ ಒತ್ತಿದಂತೆಲ್ಲ ಮುಂದಿನ ಡಿಸ್ಕ್ ಒಳಗೆ ಬರುತ್ತದೆ.