ಭೈರನಿಗೆ ನಾನು ಮೊದಲು ಕಲಿಸಿದ್ದು 'ಬಿಡು' ಅನ್ನೋದನ್ನ

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿ ನಾಯಿಗಳಿಗೆ ಲೈಸೆನ್ಸ್ ಕೊಡಬೇಡಿ, ಮಾರೋಕೆ ಬಿಡಬೇಡಿ, ಈಗಾಗ್ಲೇ ಸಾಕಿರೋರು ಸಂತಾನಹರಣ ಮಾಡಿಸ್ಲಿ ಅಂತ ರಾಜ್ಯಗಳಿಗೆ ಪತ್ರ ಬರೀತಲ್ಲ, ಆ ಸುದ್ದಿ ತೀರ್ಥಹಳ್ಳಿ ಕಡೆ ನಮ್ಮ ಊರಿಗೆ ಬರೋಕೆ ಎರಡು ದಿನ ಹಿಡೀಲಿಲ್ಲ. ಬೇಲಿ ಬಾಗಿಲಿಗೆ ಅಡ್ಡ ಹಾಕೋ ಉಣುಗೋಲು ಹತ್ರ ನಿಂತು "ಅಕ್ಕಾ, ನಿಮ್ಮ ಭೈರನ್ನ ಹಿಡ್ಕೊಂಡ್ ಹೋಗ್ತಾರಂತಲ್ಲ?" ಅಂತ ಕೇಳಿದೋರು ಎಷ್ಟೋ ಜನ. ಪಿಟ್‌ಬುಲ್, ಟೋಸಾ, ಕೇನ್ ಕೊರ್ಸೊ ಜೊತೆ ರಾಟ್‌ವೀಲರ್ ಹೆಸರೂ ಆ ಪಟ್ಟಿಲಿತ್ತು, ನಮ್ಮ ಭೈರ ರಾಟ್‌ವೀಲರ್. ಏಪ್ರಿಲ್ 10ಕ್ಕೆ ನಮ್ಮ ಹೈಕೋರ್ಟು ಆ ಸುತ್ತೋಲೆನ ರದ್ದು ಮಾಡ್ತು, ಯಾರನ್ನೂ ಕೇಳ್ದೆ ಮಾಡಿದ್ದು ಅಂತ. ಆದ್ರೆ ಆ ಸುದ್ದಿ ಯಾರೂ ಉಣುಗೋಲು ತನಕ ಬಂದು ಹೇಳ್ಲಿಲ್ಲ, 'ಬ್ಯಾನ್ ಆದ ನಾಯಿ' ಅನ್ನೋ ಹೆಸ್ರು ಮಾತ್ರ ಉಳ್ಕೊಂಡ್ತು.

ಯಜಮಾನ್ರು ಕೆಲಸಕ್ಕೆ ಅಂತ ಬೆಂಗಳೂರಲ್ಲಿ, ಇಲ್ಲಿ ನಾನು ಅತ್ತೆ ಇಬ್ರೇ, ಕೊಯ್ಲಲ್ಲಿ ಎರಡು ಸಲ ಅಡಿಕೆ ಕಳುವಾದ್ಮೇಲೆ ಎರಡು ತಿಂಗಳ ಮರಿ ತಂದಿದ್ದು. ರಾತ್ರಿ ಹೊರಗೆ ಕಟ್ಟೋ ಮಾತೇ ಇಲ್ಲ, ನಮ್ಮ ಕಡೆ ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ, ಹಾಗಾಗಿ ಗ್ರಿಲ್ ಹಾಕ್ಸಿರೋ ಜಗುಲಿಲೇ ಅವನ ಹಾಸಿಗೆ.

ಮೊದಲ ತಪ್ಪು ಹೇಳ್ಬಿಡ್ತೀನಿ. ಏಳು ತಿಂಗಳಿದ್ದಾಗ 'ನಾಯಿನ ಜೋರು ಮಾಡ್ಕೊಡ್ತೀನಿ' ಅಂತ ಒಬ್ಬ ಟ್ರೈನರ್ ಬಂದ. ಭೈರನ್ನ ಅಡಿಕೆ ಮರಕ್ಕೆ ಕಟ್ಟಿ ಎದುರಿಗೆ ಕೋಲು ಬೀಸಿ ಗದರಿಸಿ ಕೆಣಕ್ತಿದ್ದ. ಭೈರ ಬೊಗಳಿದ್ದು ನೋಡಿ ನನಗೂ ಪರವಾಗಿಲ್ಲ ಅನ್ನಿಸ್ತು, ಆದ್ರೆ ಬಾಲ ಹೊಟ್ಟೆ ಕೆಳಗೆ, ಕಿವಿ ಹಿಂದಕ್ಕೆ, ಒಂದು ಹೆಜ್ಜೆ ಮುಂದೆ ಎರಡು ಹೆಜ್ಜೆ ಹಿಂದೆ, ಅದು ಧೈರ್ಯ ಅಲ್ಲ ಹೆದರಿಕೆ ಅಂತ ಓದೋಕೆ ಆಗ ನನಗೆ ಬರ್ತಿರ್ಲಿಲ್ಲ. ಹತ್ತು ದಿನ ಕಳೀತು. ಪುನರ್ವಸು ಮಳೆ ಹೊಡೀತಿತ್ತು, ಕಂಬಳಿಕೊಪ್ಪೆ ಹಾಕ್ಕೊಂಡು ಬಗ್ಗಿಕೊಂಡು ಬರ್ತಿದ್ದ ನಮ್ಮ ಕೆಲಸದವರ ಕೊಪ್ಪೆ ತುದಿಗೆ ಬಾಯಿ ಹಾಕಿ ಹರಿದೇಬಿಟ್ಟ. ಮೈಗೆ ಹಲ್ಲು ತಾಗ್ಲಿಲ್ಲ. ಅವರು "ಇರ್ಲಿ ಬಿಡಿ ಅಮ್ಮಾ" ಅಂದ್ರು, ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ. ಟ್ರೈನರ್‌ನ ಮಾರನೇ ದಿನವೇ ಬಿಡಿಸಿದೆ.

ಸರಿ ಮಾಡೋಕೆ ನಾಲ್ಕು ತಿಂಗಳು ಹಿಡೀತು. ನಾನೇ ಕೊಪ್ಪೆ ಹಾಕ್ಕೊಂಡು ಊಟ ಹಾಕ್ತಿದ್ದೆ. ಸೊಂಟಕ್ಕೆ ಕತ್ತಿ ಕಟ್ಟಿದೋರು, ಅಡಿಕೆ ಕೊಯ್ಯೋ ಉದ್ದನೆ ದೋಟಿ ಹೊತ್ತೋರು, ತಲೆ ಮೇಲೆ ಸೊಪ್ಪಿನ ಹೊರೆ ಇದ್ದೋರು, ಎಲ್ರಿಗೂ ಬೇಯಿಸಿದ ಮೊಟ್ಟೆ ಚೂರು ಕೊಟ್ಟು ದೂರದಿಂದ್ಲೇ ನೆಲಕ್ಕೆ ಹಾಕಿ ಹೋಗಿ, ಮಾತಾಡಿಸ್ಬೇಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ ಅಂತ ಹೇಳಿದ್ದೆ. ಪೇಟೆ ನಾಯಿಗೆ ಈ ಪಾಠ ಬೇಕಾಗಲ್ವೇನೋ, ಮಳೆಗಾಲದ ಮಲೆನಾಡಲ್ಲಿ ಮನುಷ್ಯನ ಆಕಾರವೇ ಬದಲಾಗುತ್ತೆ, ಅದನ್ನ ಮರಿ ಇದ್ದಾಗ್ಲೇ ತೋರಿಸ್ಬೇಕಿತ್ತು.

ಆಮೇಲೆ ಶಿವಮೊಗ್ಗದಲ್ಲಿ ಇನ್ನೊಬ್ರು ಟ್ರೈನರ್ ಸಿಕ್ಕಿದ್ರು. ಅವರು ಮೊದಲ ದಿನ ಕೇಳಿದ್ದು ಕಚ್ಚುತ್ತಾ ಅಂತಲ್ಲ, "ಬಾಯಲ್ಲಿರೋದನ್ನ ಹೇಳಿದ ತಕ್ಷಣ ಬಿಡುತ್ತಾ ಮೇಡಂ?" ಅಂತ. ಬಿಡ್ತಿರ್ಲಿಲ್ಲ. ಅಲ್ಲಿಂದ ಶುರು. ಗೋಣಿ ತಾಟನ್ನ ಸುತ್ತಿ ದಾರ ಹೊಲ್ದು ಮೊಳದುದ್ದದ ಒಂದು ಸುರುಳಿ ಮಾಡ್ಕೊಂಡೆ. ಅದನ್ನ ಮುಖಕ್ಕೆ ಒತ್ತಬಾರ್ದು, ಇಲಿ ಓಡಿದ ಹಾಗೆ ಅವನಿಂದ ದೂರಕ್ಕೆ ಎಳೀಬೇಕು, ಆಗ ಬೇಟೆ ಹುಮ್ಮಸ್ಸಲ್ಲಿ ಬಾಯಿ ತುಂಬ ಹಿಡೀತಾನೆ, ಹೆದರಿಕೆಲಿ ಅಲ್ಲ. ಹಿಡಿದ್ಮೇಲೆ ಎರಡು ಸಲ ಎಳೆದಾಡಿ ಸುರುಳಿನ ನನ್ನ ಮೊಣಕಾಲಿಗೆ ಒತ್ತಿ ಹಿಡಿದು ಕಲ್ಲಿನ ಹಾಗೆ ನಿಂತ್ಬಿಡೋದು. ಬೈಯೋ ಹಾಗಿಲ್ಲ, ಬಾಯಿಗೆ ಕೈ ಹಾಕಿ ಕೀಳೋ ಹಾಗಿಲ್ಲ. ಅಲ್ಲಾಡದೆ ಇರೋ ವಸ್ತು ನಾಯಿಗೆ ಸತ್ತ ಹಾಗೆ. ಮೊದಲ ದಿನ ಭೈರ ಮೂಗಲ್ಲಿ ಬುಸ್ ಬುಸ್ ಅಂತ ನನ್ನೇ ನೋಡ್ತಾ ತುಂಬ ಹೊತ್ತು ಹಿಡ್ಕೊಂಡಿದ್ದ, ಜೊಲ್ಲು ನನ್ನ ಚಪ್ಪಲಿ ಮೇಲೆ ಇಳೀತಿತ್ತು, ಆಮೇಲೆ ದವಡೆ ಸ್ವಲ್ಪ ಸಡಿಲ ಆಯ್ತು, ಆ ಕ್ಷಣಕ್ಕೆ "ಬಿಡು" ಅಂದೆ, ಬಾಯಿ ಬಿಟ್ಟ, ತಕ್ಷಣ "ಹಿಡಿ" ಅಂತ ವಾಪಸ್ ಕೊಟ್ಟೆ. ಗುಟ್ಟು ಇರೋದೇ ಇಲ್ಲಿ, ಬಿಟ್ರೆ ಆಟ ಮುಗಿಯಲ್ಲ ಮತ್ತೆ ಸಿಗುತ್ತೆ ಅಂತ ಅವನಿಗೆ ಗೊತ್ತಾಗ್ಬೇಕು. ಎರಡು ವಾರಕ್ಕೆ ಮಾತು ಮುಗಿಯೋ ಮುಂಚೆ ಬಿಡ್ತಿದ್ದ.

ತೋಳಿಗೆ ಹಾಕೋ ದಪ್ಪ ಸ್ಲೀವ್ ಕಚ್ಚಿಸಿದ್ದು ಅವನಿಗೆ ಒಂದೂಕಾಲು ವರ್ಷ ಆದ್ಮೇಲೇ. ಅಲ್ಲೂ ಹೆಚ್ಚು ಕಲಿಸಿದ್ದು ಅಲ್ಲಾಡದೆ ನಿಂತ ಮನುಷ್ಯನ ಮುಂದೆ ನಿಂತು ಬೊಗಳೋದನ್ನ, ಕಚ್ಚೋದನ್ನಲ್ಲ. ಇದು ಜರ್ಮನಿಯ ಶುಟ್ಸ್‌ಹುಂಡ್ ಪದ್ಧತಿ, ನಾಯಿಗಳಿಗೆ ಇಡೋ ಒಂದು ಪರೀಕ್ಷೆ, ಈಗ ಐಜಿಪಿ ಅಂತಾರೆ. ಹೋದ ಶತಮಾನದ ಶುರುವಲ್ಲಿ ಜರ್ಮನ್ ಶೆಫರ್ಡ್‌ಗಳಲ್ಲಿ ಯಾವುದು ಕೆಲಸಕ್ಕೆ ಯೋಗ್ಯ ಅಂತ ನೋಡೋಕೆ ಹುಟ್ಟಿದ್ದು. ವಾಸನೆ ಹಿಡಿಯೋದು, ಮಾತು ಕೇಳೋದು, ರಕ್ಷಣೆ ಮೂರೂ ಇರುತ್ತೆ, ಮತ್ತೆ ಮತ್ತೆ ಹೇಳಿದ್ರೂ ಬಿಡದ ನಾಯಿನ ಹೊರಗೆ ಹಾಕ್ತಾರೆ.

ತಳಿ ವಿಷ್ಯಕ್ಕೆ ಬಂದ್ರೆ, ತಳಿ ಏನೂ ಅಲ್ಲ ಎಲ್ಲಾ ಸಾಕೋರ ಕೈಲಿದೆ ಅಂತ ನಾನು ಹೇಳಲ್ಲ. ಭೈರ 46 ಕೆಜಿ, ಅವನ ಒಂದು ಕಡಿತ ಊರುನಾಯಿ ಕಡಿತದ ಹಾಗಲ್ಲ, ಹಾಗಾಗಿ ನನ್ನ ಜವಾಬ್ದಾರಿನೂ ಅಷ್ಟೇ ಭಾರ. ಆದ್ರೆ ರಾಟ್‌ವೀಲರ್ ಹುಟ್ಟಿದ್ದೇ ಕೊಲ್ಲೋಕೆ ಅನ್ನೋ ಮಾತು ಸುಳ್ಳು. ಜರ್ಮನಿಯ ರಾಟ್‌ವೀಲ್ ಊರಲ್ಲಿ ಕಟುಕರ ದನ ಹೊಡ್ಕೊಂಡು ಹೋಗೋಕೆ, ಗಾಡಿ ಎಳೆಯೋಕೆ ಇದ್ದ ನಾಯಿ ಅದು. ಯಾರೂ ಕಲಿಸದೇ ಇದ್ರೂ ಭೈರ ಸಂಜೆ ಹೊತ್ತು ಕೊಟ್ಟಿಗೆಗೆ ಬರದೆ ನಿಂತ ಹಸುವಿನ ಪಕ್ಕಕ್ಕೆ ಹೋಗಿ ಭುಜದಿಂದ ಮೆಲ್ಲಗೆ ನೂಕ್ತಾನೆ. ಅದೇ ಮಾರ್ಚ್‌ನಲ್ಲಿ ನಮ್ಮೂರಲ್ಲಿ ಹುಡುಗನ ಕಾಲಿಗೆ ಕಚ್ಚಿದ್ದು ಹಗಲೂ ರಾತ್ರಿ ಸರಪಳಿಲೇ ಬೆಳೆದ ಒಂದು ಊರುನಾಯಿ, ಅದರ ತಳಿ ಯಾವ್ದು ಅಂತ ಯಾರೂ ಕೇಳ್ಲಿಲ್ಲ. ಭಾರತೀಯ ನ್ಯಾಯ ಸಂಹಿತೆ (ಬಿಎನ್‌ಎಸ್) 291ನೇ ಸೆಕ್ಷನ್ ಕೂಡ ತಳಿ ಕೇಳಲ್ಲ, ಪ್ರಾಣಿನ ಅಜಾಗರೂಕತೆಯಿಂದ ಇಟ್ಕೊಂಡ್ರೆ ಆರು ತಿಂಗಳ ತನಕ ಜೈಲು, ಇಲ್ಲ 5000 ರೂಪಾಯಿ ತನಕ ದಂಡ, ಇಲ್ಲ ಎರಡೂ.

ಹೋದ ಕೊಯ್ಲಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಭೈರ ಗುರ್ ಅಂದ, ಅಡಿಕೆ ಅಟ್ಟದ ಹತ್ರ ಸದ್ದು. ನಾನು ಗ್ರಿಲ್ ತೆಗೆದು ಬಿಟ್ಟೆ, ಬೆಲ್ಟ್ ಹಾಕದೆ ಬಿಟ್ಟಿದ್ದು ತಪ್ಪು, ಈಗ ಹಾಗೆ ಮಾಡಲ್ಲ. ಟಾರ್ಚ್ ಹಾಕಿ ನೋಡಿದ್ರೆ ಅಟ್ಟದ ಕಂಬಕ್ಕೆ ಬೆನ್ನು ಕೊಟ್ಟು ಒಬ್ಬ ನಿಂತಿದಾನೆ, ಎರಡು ಮಾರು ದೂರದಲ್ಲಿ ಭೈರ ನಿಂತು ಬೊಗಳ್ತಿದಾನೆ, ಒಂದಡಿ ಮುಂದೆ ಹೋಗಿಲ್ಲ. ಬೆಳಕು ಮುಖಕ್ಕೆ ಬಿತ್ತು, ಹಿಂದಿನ ತೋಟದ ಮನೆ ಹುಡುಗ! ಅವರ ಹಸು ಕರು ಹಾಕೋಕಾಗದೆ ಒದ್ದಾಡ್ತಿತ್ತು, ಫೋನಿಗೆ ನೆಟ್‌ವರ್ಕ್ ಇಲ್ಲ, ತೋಟದ ಸುತ್ತಿನ ಅಗಳು (ಕಂದಕ) ದಾಟಿ ಅಡ್ಡದಾರಿಲಿ ಓಡಿ ಬಂದಿದಾನೆ. "ಭೈರಾ, ಬಿಡು, ಬಾ" ಅಂದೆ. ಬಂದು ನನ್ನ ಎಡಗಾಲ ಪಕ್ಕ ಕೂತ. ಹುಡುಗನ ಕಾಲು ನಡುಗ್ತಿತ್ತು, ನನ್ನ ಕೈಲಿದ್ದ ಟಾರ್ಚೂ ನಡುಗ್ತಿತ್ತು. ಭೈರನ್ನ ಒಳಗೆ ಹಾಕಿ, ಬಿಸಿನೀರು ಎಣ್ಣೆ ತಗೊಂಡು ಇಬ್ರೂ ಅವರ ಕೊಟ್ಟಿಗೆಗೆ ಓಡಿದ್ವಿ.

ಆ ಹುಡುಗ ಈಗ ಬಂದ್ರೆ ಉಣುಗೋಲು ಹತ್ರ ನಿಂತು ಮೊದಲು ಭೈರನ್ನ ಕರೀತಾನೆ. ನಾನಂತೂ ಈಗ್ಲೂ ದಿನಾ ಸಂಜೆ ಹಾಲು ಕರೆಯೋ ಮುಂಚೆ ಹತ್ತು ನಿಮಿಷ ಗೋಣಿ ಸುರುಳಿ ಹಿಡ್ಕೊಂಡು ಅಂಗಳಕ್ಕೆ ಇಳೀತೀನಿ, ಹಿಡಿ, ಬಿಡು, ಹಿಡಿ, ಬಿಡು. ಆಮೇಲೆ ಕಾಲ್ಬೆರಳ ಸಂದಿಲಿ, ಕಿವಿ ಒಳಗೆ ರಕ್ತ ಹೀರೋ ಉಣ್ಣಿ ಇದೆಯಾ ಅಂತ ನೋಡಿ ಒಳಗೆ ಬಿಡೋದು.