ಹಳೇ ಕಂಟ್ರೋಲ್ ಸರ್ಫೇಸ್ ಬಿಸಾಡಬೇಡಿ, ಮೊದಲು ಬಿಚ್ಚಿ ನೋಡಿ

ತತ್ವಪದದ ಒಂದು ರೆಕಾರ್ಡಿಂಗ್ ಮಿಕ್ಸ್ ಮಾಡ್ತಾ ಕೂತಿದ್ದೆ. ಹಾಡುವವರ ದನಿ ಮೇಲೇರುವ ಹೊತ್ತಿಗೆ ಸರಿಯಾಗಿ ನನ್ನ ಕಂಟ್ರೋಲ್ ಸರ್ಫೇಸಿನ, ಅಂದರೆ ಕಂಪ್ಯೂಟರಿನ ಮಿಕ್ಸಿಂಗ್ ಸಾಫ್ಟ್‌ವೇರನ್ನು ಕೈಯಿಂದ ನಡೆಸುವ ಪೆಟ್ಟಿಗೆಯ, ಮೂರನೇ ಫೇಡರ್ (ವಾಲ್ಯೂಮ್ ಏರಿಸಿ ಇಳಿಸುವ ಜಾರುಗುಂಡಿ, ಒಳಗೆ ಮೋಟಾರಿದೆ) ತಾನಾಗಿಯೇ ನಡುಗತೊಡಗಿತು, ಬೆರಳಿಟ್ಟರೆ ನನ್ನ ಬೆರಳನ್ನೇ ತಳ್ಳುತ್ತಿತ್ತು. ಹೊಸದು ತಗೊಳ್ಳಿ ಅಂತ ಎಲ್ಲರೂ ಹೇಳಿದರು. ನಾನು ತಗೊಳ್ಳಲಿಲ್ಲ. ಮೌಸ್ ಹಿಡಿದು ಮಿಕ್ಸ್ ಮಾಡಿದರೆ ಕಣ್ಣು ಪರದೆ ಮೇಲಿರುತ್ತದೆ. ಫೇಡರ್ ಮೇಲೆ ಕೈಯಿದ್ದರೆ ಕಿವಿಗೆ ಕೆಲಸ ಸಿಗುತ್ತದೆ, ಅದಕ್ಕೇ ಈ ಪೆಟ್ಟಿಗೆ ನನಗೆ ಬೇಕು.

ಒಂದು ಮಾತು ಮೊದಲೇ ತಿಳಿದಿರಲಿ. ಬರೀ ಕಂಟ್ರೋಲ್ ಸರ್ಫೇಸ್ ಆದರೆ ಹಾಡಿನ ಸದ್ದು ಅದರೊಳಗೆ ಹಾಯುವುದೇ ಇಲ್ಲ. ಅದು ಕಂಪ್ಯೂಟರಿಗೆ ಅಪ್ಪಣೆ ಕಳಿಸುತ್ತದೆ, ಅಷ್ಟೇ. ಹಾಗಾಗಿ ಸ್ಪೀಕರಿನಲ್ಲಿ ಕರಕರ ಅಂದರೆ ತಪ್ಪು ಬೇರೆ ಕಡೆ ಇದೆ. ಇದರ ಫೇಡರಿನಲ್ಲಿ ಕೊಳೆ ಕೂತರೆ ಸದ್ದು ಕರಕರ ಅನ್ನುವುದಿಲ್ಲ, ವಾಲ್ಯೂಮ್ ಹಾರುತ್ತದೆ.

ಅದಕ್ಕೆ ಸ್ಕ್ರೂ ಡ್ರೈವರ್ ಎತ್ತುವ ಮೊದಲು ಕಂಪ್ಯೂಟರಿನಲ್ಲಿ ಒಂದು ಮಿಡಿ ಮಾನಿಟರ್, ಅಂದರೆ ಪೆಟ್ಟಿಗೆ ಕಳಿಸುವ ಅಪ್ಪಣೆಗಳನ್ನು (ಮಿಡಿ) ತೋರಿಸುವ ಸಾಫ್ಟ್‌ವೇರ್ ಹಾಕಿ. ಉಚಿತವಾಗಿಯೇ ಸಿಗುತ್ತವೆ. ಮ್ಯಾಕಿ ಕಂಟ್ರೋಲ್ (ಹಲವು ಸರ್ಫೇಸುಗಳು ಬಳಸುವ ಅಪ್ಪಣೆಯ ಭಾಷೆ) ಮೋಡಿನಲ್ಲಿ ಫೇಡರುಗಳು ಪಿಚ್ ಬೆಂಡ್ ಅನ್ನುವ ಮಿಡಿ ಅಪ್ಪಣೆಯಾಗಿ ಕಾಣುತ್ತವೆ: 1ರಿಂದ 8ನೇ ಚಾನೆಲ್‌ವರೆಗೆ ಒಂದೊಂದು, ಮಾಸ್ಟರ್ 9ರಲ್ಲಿ. ಮೇಲಿನ ತಿರುಗುವ ನಾಬುಗಳು ಕಂಟ್ರೋಲ್ ನಂಬರ್ 16ರಿಂದ 23. ಬಟನ್ನುಗಳು ನೋಟ್ ಆಗಿ ಬರುತ್ತವೆ. ಈಗ ಫೇಡರನ್ನು ನಿಧಾನವಾಗಿ ಮೇಲೆ ತಳ್ಳಿ. ನಂಬರು ಮಧ್ಯೆ ಜಿಗಿದರೆ ಒಳಗಿನ ಕಾರ್ಬನ್ ಪಟ್ಟಿಯಲ್ಲಿ ಕೊಳೆ. ಏನೂ ಬರದಿದ್ದರೆ ಒಳಗಿನ ಚಪ್ಪಟೆ ಕೇಬಲ್ ಸಡಿಲವಾಗಿರಬಹುದು. ನಂಬರು ಸರಿಯಾಗಿದ್ದೂ ಫೇಡರ್ ನಡುಗಿದರೆ ಮೋಟಾರಿನ ಬೆಲ್ಟ್, ಪವರ್, ಇಲ್ಲವೇ ಟಚ್ ನೋಡಬೇಕು. ಟಚ್ ಅಂದರೆ ಬೆರಳು ತಾಗಿದ್ದು ಗೊತ್ತಾಗುವ ವ್ಯವಸ್ಥೆ. ಫೇಡರಿನ ಟೋಪಿ ವಿದ್ಯುತ್ ಹಾಯುವಂಥದ್ದೇ ಇರಬೇಕು. ಮುರಿಯಿತು ಅಂತ ಸುಮ್ನೆ ಪ್ಲಾಸ್ಟಿಕ್ಕಿನದ್ದು ಸಿಕ್ಕಿಸಿದರೆ ಬೆರಳು ಗೊತ್ತಾಗದೆ ಮೋಟಾರ್ ನಿಮ್ಮ ಜೊತೆ ಜಗ್ಗಾಡುತ್ತದೆ. ಗೋಡೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಇದೆಯಾ ಅಂತಲೂ ನೋಡಿ.

ನನ್ನದರಲ್ಲಿ ಇದ್ದದ್ದು ಪವರಿನ ತೊಂದರೆ. ನಮ್ಮ ಬಳ್ಳಾರಿಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟುತ್ತದೆ, ಪೆಟ್ಟಿಗೆಯೊಳಗೆ ಅದಕ್ಕಿಂತ ಜಾಸ್ತಿ. ಪವರನ್ನು ಸಮವಾಗಿ ಇಡುವ ಡಬ್ಬಿಯಾಕಾರದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬಗ್ಗೆ ಮೆಕ್ಯಾನಿಕ್ಕುಗಳ ಒಂದು ಅಂದಾಜಿದೆ: ಶಾಖ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧ. ತಲೆ ಉಬ್ಬಿದೆಯಾ, ಬುಡದಲ್ಲಿ ಕಂದು ಅಂಟು ಇಳಿದಿದೆಯಾ ನೋಡಿ. ಉಬ್ಬದೇ ಇದ್ದರೂ ಕೆಟ್ಟಿರಬಹುದು, ಅದಕ್ಕೆ ಎಲ್ಲ ಫೇಡರುಗಳೂ ಒಟ್ಟಿಗೆ ಓಡುವಾಗ 5 ವೋಲ್ಟ್ ಲೈನನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ಅಲ್ಲಿ 4.5ಕ್ಕೆ ಕುಸಿದರೆ ಕಾರಣ ಸಿಕ್ಕ ಹಾಗೆ. ಹೊಸ ಕೆಪಾಸಿಟರ್ 105 ಡಿಗ್ರಿ ತಾಳುವಂಥದ್ದೇ ಹಾಕಿ, 85ರದ್ದು ನಮ್ಮೂರಿಗೆ ಆಗಿಬರುವುದಿಲ್ಲ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ, ಮೈನಸ್ ಗೆರೆ ಅದೇ ಕಡೆಗೆ. ಆದರೆ ಪವರ್ ಸಪ್ಲೈ ಪೆಟ್ಟಿಗೆಯೊಳಗೇ ಇದ್ದರೆ, ಅದೂ ಎಸ್‌ಎಂಪಿಎಸ್ (ಸ್ವಿಚಿಂಗ್ ಬಗೆಯ ಪವರ್ ಸಪ್ಲೈ) ಆದರೆ, ಅದರ ದೊಡ್ಡ ಕೆಪಾಸಿಟರಿನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗಿಂತ ಜಾಸ್ತಿ ನಿಂತಿರಬಹುದು, ಅದು ಜೀವ ತೆಗೆಯುತ್ತದೆ. ಕೈ ಪಳಗಿಲ್ಲದಿದ್ದರೆ ಆ ಒಂದು ಬೋರ್ಡನ್ನು ಟಿ.ವಿ. ರಿಪೇರಿ ಮಾಡುವವರಿಗೆ ಕೊಡಿ.

ಇನ್ನು ಧೂಳು. ಸಂಡೂರು ಕಡೆಯ ಗಣಿ ಲಾರಿಗಳ ಕೆಂಪು ಧೂಳು ಒಂದು ಕಡೆ, ಬೀದಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಇದ್ದರೆ ಹತ್ತಿಯ ನವಿರು ಎಳೆ ಇನ್ನೊಂದು ಕಡೆ, ಎರಡೂ ಸೇರಿ ಫೇಡರಿನ ಸೀಳಿನಲ್ಲಿ ಮೆತ್ತಿಕೊಂಡು ಗಟ್ಟಿಯಾಗುತ್ತವೆ. ಮೆದು ಬ್ರಷ್ಷಿನಿಂದ ಕೆದಕಿ ಬ್ಲೋವರಿನಲ್ಲಿ ಊದಿ. ಆಮೇಲೆ ಫೇಡರಿಗೆಂದೇ ಬರುವ ಕ್ಲೀನರ್ ಒಂದೆರಡು ಹನಿ ಬಿಟ್ಟು, ಪವರ್ ಆಫ್ ಇರುವಾಗಲೇ ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ. ಹೊಲಿಗೆ ಮಷಿನ್ ಎಣ್ಣೆ ಖಂಡಿತ ಬೇಡ. ಕೈಗೆ ಸುಲಭವಾಗಿ ಸಿಕ್ಕಿತು ಅಂತ ನಾನು ಹಾಕಿ ಒಂದು ಒಳ್ಳೇ ಫೇಡರ್ ಕಳೆದುಕೊಂಡೆ. ಎರಡು ದಿನ ಬೆಣ್ಣೆಯಂತೆ ಓಡಿತು, ತಿಂಗಳಲ್ಲಿ ಎಣ್ಣೆಗೆ ಧೂಳು ಅಂಟಿ ನಿಂತೇಹೋಯಿತು. ಸ್ಯಾನಿಟೈಸರೂ ಬೇಡ, ಅದರಲ್ಲಿ ಹೆಚ್ಚಾಗಿ ಅಂಟುವ ಗ್ಲಿಸರಿನ್ ಇರುತ್ತದೆ.

ಬಟನ್ನುಗಳ ಕೆಲಸ ಸುಲಭ. ಒಳಗಿರುವುದು ಹೆಚ್ಚಾಗಿ 6×6 ಮಿ.ಮೀ. ಟ್ಯಾಕ್ಟ್ ಸ್ವಿಚ್, ಕೆಲವೇ ರೂಪಾಯಿಯದ್ದು. ಕಡ್ಡಿಯ ಎತ್ತರ ಅಳೆದುಕೊಂಡೇ ತರಿಸಿ, ಅರ್ಧ ಮಿ.ಮೀ. ತಪ್ಪಿದರೂ ಬಟನ್ ಒತ್ತಿದ ಹಾಗೇ ಕೂತುಬಿಡುತ್ತದೆ. ನಾಬನ್ನು ಬಲಕ್ಕೆ ತಿರುಗಿಸಿದರೆ ಎಡಕ್ಕೂ ಜಿಗಿಯುತ್ತದಾ? ಕಾಂಟ್ಯಾಕ್ಟ್ ಕ್ಲೀನರಿಗೆ ಬಗ್ಗದಿದ್ದರೆ ಎನ್‌ಕೋಡರ್ (ನಾಬಿನಡಿಯ ತಿರುಗುವ ಭಾಗ) ಬದಲಿಸಿ. ಒಂದು ಸುತ್ತು ತಿರುಗಿಸಿದರೆ ಎಷ್ಟು ಹೆಜ್ಜೆ ಅನ್ನುವುದು ಹಳೆಯದಕ್ಕೆ ಹೊಂದಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಗೆ (ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಮಾರುಕಟ್ಟೆ) ಯಾರಾದರೂ ಹೊರಟರೆ ಹಳೇ ಪೀಸನ್ನೇ ಕೈಗೆ ಕೊಟ್ಟು ಕಳಿಸಿ.

ಮುಖ್ಯ ಬೋರ್ಡೇ ಸತ್ತಿದ್ದರೆ? ಆಗಲೂ ಫೇಡರುಗಳು ಬದುಕಿರುತ್ತವೆ, ಅಲ್ವಾ. ಯುಎಸ್‌ಬಿ ಮಿಡಿ ಆಗಿ ಕಾಣಿಸಿಕೊಳ್ಳುವ ಟೀನ್ಸಿ ಅಥವಾ ಪ್ರೊ ಮೈಕ್ರೋ ಎಂಬ, ನಾವೇ ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್ ತಂದು ಫೇಡರಿನ ಮೂರು ತಂತಿ ಕಟ್ಟಬಹುದು: ಒಂದು ಪವರಿಗೆ, ಒಂದು ಗ್ರೌಂಡಿಗೆ, ನಡುವಿನದು ಅನಲಾಗ್ ಪಿನ್ನಿಗೆ. ಟೀನ್ಸಿ 4ರ ಪಿನ್ನುಗಳಿಗೆ 3.3 ವೋಲ್ಟ್ ಮಾತ್ರ, 5 ಕೊಟ್ಟರೆ ಸುಡುತ್ತದೆ. ಮೋಟಾರನ್ನು ನೇರವಾಗಿ ಪಿನ್ನಿಗೆ ಕಟ್ಟಬೇಡಿ, ನಡುವೆ ಡ್ರೈವರ್ ಚಿಪ್ಪು ಇರಲಿ, ಅದಕ್ಕೆ ಬೇರೆಯೇ ಪವರ್ ಇರಲಿ. ಮೊದಲ ಸಲಕ್ಕೆ ಮೋಟಾರ್ ಬಿಟ್ಟು ಬರೀ ಫೇಡರ್ ಓದಿಸಿ, ಅದು ಸರಿಬಂದ ಮೇಲೆ ಮುಂದಿನದು.

ಎಲ್ಲ ಜೋಡಿಸುವಾಗ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಕೇಬಲ್ ಸಿಕ್ಕಿಸಿ. ಒಂದು ಹಳೇ ಹಾಡಿಗೆ ಫೇಡರುಗಳು ತಾವಾಗಿಯೇ ಓಡುವ ಹಾಗೆ ಆಟೋಮೇಷನ್ ಬರೆದು ಒಂದು ಗಂಟೆ ಓಡಲು ಬಿಡಿ, ಶಾಖಕ್ಕೆ ತೊಂದರೆ ಮತ್ತೆ ಬರುತ್ತದಾ ಅನ್ನುವುದು ಆಗಲೇ ಗೊತ್ತಾಗುವುದು. ರಾತ್ರಿ ಮುಚ್ಚಲು ರೆಕ್ಸಿನ್ ಹೊದಿಕೆ ಹೊಲಿಸಿ. ಜೀನ್ಸ್ ಬಟ್ಟೆಯದ್ದು ಬೇಡ, ಅದರ ನೂಲು ಮತ್ತೆ ಅದೇ ಸೀಳಿಗೆ ಇಳಿಯುತ್ತದೆ.