ಗೋಕರ್ಣದಲ್ಲಿ ಕೈಗೆಟುಕುವ ಬಾಡಿಗೆ ಮನೆ: ನಾನು ಹುಡುಕಿದ ಬಗೆ

ಬೆಂಗಳೂರಿನ ವಿಜಯನಗರದ ಮನೆ ಬಿಡದೆಯೇ ಗೋಕರ್ಣದ ಹತ್ತಿರ ಒಂದು ಹಂಚಿನ ಮನೆ ಬಾಡಿಗೆಗೆ ಹಿಡಿದಿದ್ದೇನೆ. ಲ್ಯಾಪ್‌ಟಾಪ್ ಇದ್ದರೆ ಸಾಕು ಅನ್ನುವ ಕೆಲಸ. ತಿಂಗಳಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ. "ಅಲ್ಲಿ ಬಾಡಿಗೆ ಸಿಕ್ಕಾಪಟ್ಟೆ ಜಾಸ್ತಿ ಅಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಕುಡ್ಲೆ, ಓಂ ಬೀಚಿನ ಪಕ್ಕದಲ್ಲಿ ವಿಚಾರಿಸಿದರೆ ಹೌದು. ನಾನು ಕೊಡುವುದು ವಿಜಯನಗರದ ಬಾಡಿಗೆಯ ಅರ್ಧಕ್ಕಿಂತ ಕಡಿಮೆ.

ಮನೆ ಮಾಲೀಕರ ಲೆಕ್ಕ ಏನು ಅಂತ ಮೊದಲು ತಿಳಿದುಕೊಳ್ಳಬೇಕು. ಮಳೆ ನಿಂತ ಮೇಲೆ ಸೀಸನ್ ಶುರು. ಹೊಸ ವರ್ಷ, ಶಿವರಾತ್ರಿ ತೇರಿನ ಹೊತ್ತಿಗೆ ಊರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸಮುದ್ರಕ್ಕೆ ನಡೆದು ಹೋಗುವಷ್ಟು ಹತ್ತಿರದ ಮನೆಯಾದರೆ ದಿನದ ಲೆಕ್ಕದಲ್ಲಿ ರೂಮು ಕೊಟ್ಟೇ ವರ್ಷದ ದುಡಿಮೆ ಮಾಡಿಕೊಳ್ಳಬಹುದು. ಅದನ್ನು ತಿಂಗಳ ಬಾಡಿಗೆಗೆ ನಮಗೆ ಯಾಕೆ ಕೊಡುತ್ತಾರೆ? ಕೊಟ್ಟರೂ ಡಿಸೆಂಬರ್‌ನಲ್ಲಿ ಖಾಲಿ ಮಾಡಿ ಅನ್ನುತ್ತಾರೆ. ಅವರ ಹೊಟ್ಟೆಪಾಡು ಅದು, ತಪ್ಪೇನಿಲ್ಲ. ಹಾಗಾಗಿ ನಾನು ಹುಡುಕಿದ್ದು ಹೋಂಸ್ಟೇ ಆಗಲಾರದ ಮನೆಯನ್ನು. ಕಾರು ಹೋಗದ ಓಣಿ, ಅದೇ ಅಂಗಳದಲ್ಲಿ ಮಾಲೀಕರ ಸಂಸಾರ, ಸಮುದ್ರ ಕಾಣದ ಜಗಲಿ.

ಅಂಥ ಮನೆಗಳು ಬಂಕಿಕೊಡ್ಲ, ಹನೇಹಳ್ಳಿ, ತದಡಿ ಕಡೆ ಇವೆ. ಮಕ್ಕಳು ಬೆಂಗಳೂರು, ಮುಂಬೈ ಸೇರಿ ಬೀಗ ಬಿದ್ದ ಮನೆಗಳೂ ಉಂಟು. ಇವು ಫೋನಿನಲ್ಲಿ ಸಿಗುವುದಿಲ್ಲ. ಕಿರಾಣಿ ಅಂಗಡಿ, ಹಾಲಿನ ಡೇರಿ, ಪೋಸ್ಟ್‌ಮನ್, ಇವರನ್ನೇ ಕೇಳಬೇಕು. ನನಗೆ ದಾರಿ ತೋರಿಸಿದ್ದು ಅಂಗಡಿಯವರು.

ಹೋಗಿದ್ದು ಜುಲೈನಲ್ಲಿ, ಬೇಕಂತಲೇ. ಆಗ ಜನರಿಗೆ ಕೂತು ಮಾತಾಡಲು ಪುರುಸೊತ್ತು ಇರುತ್ತದೆ. ಮನೆಯ ನಿಜವೂ ಆಗಲೇ ಗೊತ್ತಾಗುವುದು. ಕಿಟಕಿಯ ಕೆಳಗೆ ಚಿರೇಕಲ್ಲಿನ ಗೋಡೆಗೆ ಅಂಗೈ ಒತ್ತಿ ನೋಡಿದೆ, ತಂಪಿತ್ತು, ಒದ್ದೆ ಇರಲಿಲ್ಲ. ಮಳೆ ಬಡಿಯುವ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿದ್ದರು. ಏಣಿ ಹತ್ತಿ, ಹಂಚು ಹೊರುವ ಮರದ ಪಕಾಸಿಗೆ ಮೊಳೆ ಚುಚ್ಚಿದೆ, ಗೆದ್ದಲು ಹಿಡಿದಿದ್ದರೆ ಸುಮ್ನೆ ಒಳಗೆ ಇಳಿಯುತ್ತಿತ್ತು. ಇಳಿಯಲಿಲ್ಲ.

ನೀರಿನ ವಿಷಯ ಮಾತ್ರ ಮಳೆಗಾಲದಲ್ಲಿ ತಿಳಿಯುವುದಿಲ್ಲ. ಆಗ ಎಲ್ಲ ಬಾವಿಯೂ ಸಿಹಿ. ಅಘನಾಶಿನಿ ಸಮುದ್ರ ಸೇರುವ ಆಸುಪಾಸಿನಲ್ಲಿ ಬೇಸಿಗೆಗೆ ಕೆಲವು ಬಾವಿ ಉಪ್ಪಾಗುತ್ತವೆ. ಅದಕ್ಕೇ ಪಕ್ಕದ ಮನೆಯ ಅಮ್ಮನನ್ನು ಕೇಳಿದೆ, "ಮೇ ತಿಂಗಳಲ್ಲಿ ಅನ್ನಕ್ಕೆ ಯಾವ ನೀರು ಇಡ್ತೀರಿ?" ಅವರು ಈ ಮನೆಯ ಬಾವಿಯನ್ನೇ ತೋರಿಸಿದರು. ಆಮೇಲೆ ಅವರೇ ಕೇಳಿದರು, "ನೀವು ಮಳೆಗಾಲದಲ್ಲೂ ಇರ್ತೀರಾ?" ಇರ್ತೀನಿ ಅಂದಿದ್ದಕ್ಕೆ ಮುಖ ಅರಳಿತು. ಮಾಲೀಕರು ಅವರ ಮೈದುನನೇ.

ಕರಾರು ಹನ್ನೊಂದು ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು, ಅದಕ್ಕೆ ಎಲ್ಲ ಕಡೆ ಈ ರೂಢಿ. ಎರಡು ಮಾತು ಬರೆಸಿದೆವು. ಸೀಸನ್‌ನಲ್ಲೂ ಬಾಡಿಗೆ ಏರಿಸುವ ಹಾಗಿಲ್ಲ, ನಾನೂ ಪ್ರವಾಸಿಗರಿಗೆ ರೂಮು ಕೊಡುವ ಹಾಗಿಲ್ಲ. ಎರಡನೆಯದನ್ನು ನಾನೇ ಮುಂದಾಗಿ ಹೇಳಿದ್ದು. ಅದಾದ ಮೇಲೆ ಬಾಡಿಗೆಯ ಚೌಕಾಸಿ ಸಲೀಸಾಯಿತು. ಮುಂಗಡ ಎರಡು ತಿಂಗಳದ್ದು ಮಾತ್ರ. ಮಳೆಗೆ ಮೊದಲು ಹಂಚು ಸರಿಮಾಡಿಸುವ ಕೂಲಿ ಅವರದು, ಒಡೆದ ಹಂಚಿನ ದುಡ್ಡು ನನ್ನದು.

ಕೊಳ್ಳುವ ಯೋಚನೆ ಇದ್ದವರು ಇನ್ನೂ ಹುಷಾರಾಗಿರಬೇಕು. ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಕಟ್ಟಡಗಳಿಗೆ ಮಿತಿ ಹಾಕುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಅನ್ವಯಿಸುತ್ತದೆ. ಈ ಜಿಲ್ಲೆಯಲ್ಲಿ ಅರಣ್ಯ ಅತಿಕ್ರಮಣದ ಜಾಗದಲ್ಲಿರುವ ಮನೆಗಳೂ ಬಹಳ. ಪಹಣಿ, ಇಸಿ (ಋಣಭಾರ ಪತ್ರ), ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ನಮೂನೆಗಳನ್ನು ಕುಮಟಾದ ವಕೀಲರಿಗೆ ತೋರಿಸದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಓಡಾಟಕ್ಕೆ ಪಂಚಗಂಗಾ ಎಕ್ಸ್‌ಪ್ರೆಸ್. ಸಂಜೆ ಹತ್ತಿದರೆ ಬೆಳಗ್ಗೆ ಗೋಕರ್ಣ ರೋಡ್ ಸ್ಟೇಷನ್, ಅಲ್ಲಿಂದ ಬಸ್ಸು ಅಥವಾ ಆಟೋ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಲ್ಲುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟನ್ನೂ ನಂಬುವ ಹಾಗಿಲ್ಲ, ಅಲ್ಲಿಂದ ಕೆಲಸ ಮಾಡುವವರು ಇನ್ವರ್ಟರ್‌ಗೆ ದುಡ್ಡು ತೆಗೆದಿಟ್ಟೇ ಬಾಡಿಗೆಯ ಲೆಕ್ಕ ಹಾಕಿ.